ಬೋರ್ಡ್ ಅಂಗಡಿಯವರು ವಿಧಾನಸಭೆಗೆ ನಿಲ್ಲುವಾಗ: ನನ್ನ ಅನುಭವ

ಬಾಗಲಕೋಟೆಯಲ್ಲಿ ಬೋರ್ಡ್, ಗೋಡೆ ಬರಹ, ಫ್ಲೆಕ್ಸ್ ಕೆಲಸದ ಅಂಗಡಿ ನಡೆಸುತ್ತಲೇ ನಾನು ಪಕ್ಷೇತರನಾಗಿ ನಿಂತೆ. ನಮ್ಮಂಥ ಕಲಾವಿದರಿಗೆ ಪ್ರಚಾರಕ್ಕಿಂತ ಮೊದಲು ಅಂಗಡಿಯ ಕಾಗದಪತ್ರ ಚೊಕ್ಕ ಮಾಡುವ ಕೆಲಸ ಇರುತ್ತದೆ.

ಮೊದಲು ನೋಡಬೇಕಾದ್ದು ಸರ್ಕಾರಿ ಗುತ್ತಿಗೆ. ರಾಜ್ಯ ಸರ್ಕಾರಕ್ಕೆ ಮಾಲು ಒದಗಿಸುವ, ಕಾಮಗಾರಿ ಮಾಡಿಕೊಡುವ ಗುತ್ತಿಗೆ ಚಾಲ್ತಿಯಲ್ಲಿದ್ದರೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಂ ಪ್ರಕಾರ ಅನರ್ಹತೆ ಬರುತ್ತದೆ. ಇಲಾಖೆಯೊಂದಕ್ಕೆ ಐವತ್ತು ಬೋರ್ಡ್ ಒಪ್ಪಿಕೊಂಡು ನಲವತ್ತು ಕೊಟ್ಟಿದ್ದರೆ ಗುತ್ತಿಗೆ ಇನ್ನೂ ಜೀವಂತ. ಐವತ್ತೂ ಕೊಟ್ಟು ಬಿಲ್ ಮಾತ್ರ ಬಾಕಿಯಿದ್ದರೆ ಅಡ್ಡಿಯಿಲ್ಲ. ಮಾಲು ಮುಟ್ಟಿದ ತಾರೀಖು, ಅಧಿಕಾರಿಯ ಸಹಿ, ಸೀಲು ಇರುವ ಪತ್ರವನ್ನು ನಾಮಪತ್ರ ಪರಿಶೀಲನೆಯ ದಿನ ಕೈಯಲ್ಲೇ ಇಟ್ಟುಕೊಳ್ಳಬೇಕು. ಎದುರಾಳಿಗಳು ಆಕ್ಷೇಪ ಎತ್ತುವುದು ಅಲ್ಲಿಯೇ.

ಪಕ್ಷೇತರರಿಗೆ ನಾಮಪತ್ರದಲ್ಲಿ ಹೆಸರು ಸೂಚಿಸಿ ಸಹಿ ಹಾಕುವ ಹತ್ತು ಸೂಚಕರು ಬೇಕು, ಎಲ್ಲರೂ ಅದೇ ಕ್ಷೇತ್ರದ ಮತದಾರರು. ಒಬ್ಬರ ಹೆಸರು ಪಕ್ಕದ ಕ್ಷೇತ್ರದ ಪಟ್ಟಿಯಲ್ಲಿದ್ದರೂ ಆ ನಾಮಪತ್ರದ ಸೆಟ್ ಬಿದ್ದುಹೋಗುತ್ತದೆ. ಗಡಿಯ ಹಳ್ಳಿಗಳವರನ್ನು ಹಾಕಿಕೊಂಡರೆ ಇದು ಆಗುವಂಥದ್ದೇ. ನಾಲ್ಕು ಸೆಟ್‌ವರೆಗೆ ಅವಕಾಶವಿದೆ, ಠೇವಣಿ ಒಂದೇ ಸಲ: 10,000 ರೂಪಾಯಿ, ಪರಿಶಿಷ್ಟರಿಗೆ 5,000. ಎರಡನೇ ಸೆಟ್ಟಿಗೆ ಬೇರೆಯೇ ಹತ್ತು ಮಂದಿಯ ಸಹಿ ಹಾಕಿಸಿ. ಆಸ್ತಿ, ಸಾಲ, ಮೊಕದ್ದಮೆಗಳ ವಿವರ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ ಯಾವ ಖಾನೆಯನ್ನೂ ಖಾಲಿ ಬಿಡಬೇಡಿ, ‘ಇಲ್ಲ’ ಎಂದಾದರೂ ಬರೆಯಿರಿ. ಪ್ರಿಂಟಿಂಗ್ ಮಷೀನಿನ ಸಾಲವೂ ಹೊಣೆಗಾರಿಕೆಯಲ್ಲಿ ಬರಬೇಕು.

ಎಲ್ಲಕ್ಕಿಂತ ತೊಡಕಿನದು ಖರ್ಚಿನ ಲೆಕ್ಕ. ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಅಂಗಡಿಯ ಖಾತೆ ನಡೆಯುವುದಿಲ್ಲ. ನಮ್ಮದೇ ಮಷೀನು, ನಮ್ಮದೇ ಬಣ್ಣ, ನಮ್ಮದೇ ಕೈ ಎಂದು ಪುಕ್ಕಟೆ ಬರೆಯುವಂತಿಲ್ಲ. ಜಿಲ್ಲಾ ಚುನಾವಣಾಧಿಕಾರಿಯ ದರಪಟ್ಟಿಯಂತೆ ಚದರ ಅಡಿ ಲೆಕ್ಕದಲ್ಲಿ ಅಂಗಡಿಯಿಂದ ಬಿಲ್ ಹರಿದು, ಚುನಾವಣಾ ಖಾತೆಯಿಂದ ಹಣ ಕೊಡುವುದೇ ಸರಿಯಾದ ದಾರಿ. ಮೊದಲೇ ಅಚ್ಚು ಮಾಡಿಟ್ಟ ಪೋಸ್ಟರನ್ನು ನಾಮಪತ್ರದ ನಂತರ ಹಚ್ಚಿದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಖರ್ಚಿನ ರಿಜಿಸ್ಟರಿನಲ್ಲಿ ಬಿಳಿ ಹಾಳೆ ದಿನದ ಖರ್ಚಿಗೆ, ಗುಲಾಬಿ ನಗದಿಗೆ, ಹಳದಿ ಬ್ಯಾಂಕಿಗೆ. ನಮ್ಮ ರಾಜ್ಯದಲ್ಲಿ ಒಬ್ಬ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ.

ಪೋಸ್ಟರಿನ ಅಡಿಯಲ್ಲಿ ಮುದ್ರಕ, ಪ್ರಕಾಶಕರ ಹೆಸರು, ವಿಳಾಸ ಇಲ್ಲದಿದ್ದರೆ ಅದೇ 1951ರ ಕಾಯ್ದೆಯ 127ಎ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಭ್ಯರ್ಥಿಯೂ ಮುದ್ರಕನೂ ಒಬ್ಬನೇ ಆದರೆ ಎರಡೂ ಹೊಣೆ ಅವನ ತಲೆಗೇ. ಪ್ರಕಾಶಕರ ಘೋಷಣೆಗೆ ಇಬ್ಬರು ಪರಿಚಯಸ್ಥರ ದೃಢೀಕರಣ ಬೇಕು.

ಚಿಹ್ನೆಯ ವಿಷಯದಲ್ಲಿ ನಮ್ಮ ಕಸುಬು ನಿಜಕ್ಕೂ ಕೈಹಿಡಿಯುತ್ತದೆ. ಯಾವ ಪಕ್ಷಕ್ಕೂ ಮೀಸಲಿಲ್ಲದ ಮುಕ್ತ ಚಿಹ್ನೆಗಳಲ್ಲಿ ಮೂರನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡಬೇಕು. ಹಳೆಯ ಎಕ್ಸ್‌ರೇ ಹಾಳೆಯ ಮೇಲೆ ಒಂದೊಂದನ್ನೂ ಕತ್ತರಿಸಿ, ಸ್ಪಂಜಿನಿಂದ ಕಪ್ಪು ಬಣ್ಣ ಒತ್ತಿ, ಇಪ್ಪತ್ತು ಅಡಿ ದೂರ ನಿಂತು ನೋಡಿ. ಸಣ್ಣ ಗೆರೆ ಹೆಚ್ಚಿದ್ದರೆ ಬಣ್ಣ ಒಳಗೆ ಹರಿದು ಮುದ್ದೆಯಾಗುತ್ತದೆ; ಹೊರಗೆರೆಯಲ್ಲೇ ಗುರುತು ಹತ್ತುವಂಥದ್ದನ್ನು ಮೊದಲ ಸ್ಥಾನದಲ್ಲಿಡಿ. ಆಕಾರವನ್ನು ಚೆಂದ ಮಾಡಲು ಹೋಗಬೇಡಿ. ಮತಯಂತ್ರದ ಮೇಲೆ ಕಾಣುವುದು ಚುನಾವಣಾ ಆಯೋಗದ ಚಿತ್ರವೇ. ಗೋಡೆಗೆ ಬ್ರಷ್ ಹಚ್ಚುವ ಮುನ್ನ ಮಾಲೀಕರ ಲಿಖಿತ ಒಪ್ಪಿಗೆಯ ಜತೆಗೆ ಊರಿನ ನಿಯಮವನ್ನೂ ವಿಚಾರಿಸಿ. ಊರು ವಿರೂಪಗೊಳಿಸುವುದನ್ನು ತಡೆಯುವ 1981ರ ರಾಜ್ಯ ಕಾಯ್ದೆಯೂ ಇದೆ.

ಸೋಲಲಿ, ಗೆಲ್ಲಲಿ, ಫಲಿತಾಂಶದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ತಪ್ಪಿದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಗೆದ್ದವರಿಗೆ ಸರ್ಕಾರಿ ಗುತ್ತಿಗೆಯ 9ಎ ಕಲಂ ಶಾಸಕತ್ವ ಇರುವವರೆಗೂ ಬೆನ್ನಿಗಿರುತ್ತದೆ. ಇಳಕಲ್ ಸೀರೆ ಅಂಗಡಿಯ ಬೋರ್ಡ್ ಬರೆಯಬಹುದು, ಇಲಾಖೆಯ ಆರ್ಡರ್ ಹಿಡಿಯುವಂತಿಲ್ಲ.