ಮೊದಲು ಬಿಟ್ಟದ್ದು ಬ್ರಾಯ್ಲರ್

ಮಾಂಸ ಬಿಡಬೇಕೆಂದಿದ್ದೇನೆ ಎಂದಾಗ ಎಲ್ಲರೂ ಕೊಟ್ಟ ಸಲಹೆ ಒಂದೇ: ಮೊದಲು ಕುರಿ ಬಿಡು, ಆಮೇಲೆ ಕೋಳಿ, ಕೊನೆಗೆ ಮೀನು. ನಾಲಿಗೆಗೆ ಇದು ಸುಲಭವಿರಬಹುದು, ಲೆಕ್ಕಕ್ಕೆ ಕೂಡುವುದಿಲ್ಲ. ಒಂದು ಕುರಿಯಿಂದ ಸಿಗುವಷ್ಟು ಮಾಂಸಕ್ಕೆ ಏಳೆಂಟು ಬ್ರಾಯ್ಲರ್ ಕೋಳಿಗಳಾದರೂ ಸಾಯಬೇಕು. ಕುರಿ ಎಲ್ಲೋ ಬಯಲಲ್ಲಿ ಓಡಾಡಿ ಮೇಯ್ದಿರುತ್ತದೆ. ಬ್ರಾಯ್ಲರ್ ಕೋಳಿಯೋ, ಆರು ವಾರಗಳಲ್ಲಿ ಎರಡು ಕಿಲೋ ತೂಗಲೆಂದೇ ಬೆಳೆಸಿದ ತಳಿ. ಎಷ್ಟೋ ಕೋಳಿಗಳಿಗೆ ತಮ್ಮ ಮೈಭಾರವನ್ನೇ ಹೊರಲಾಗದು. ಆದ್ದರಿಂದ ನಾನು ಮೊದಲು ಬಿಟ್ಟದ್ದು ತೀರ್ಥಹಳ್ಳಿ ಪೇಟೆಯ ಕೋಳಿ ಅಂಗಡಿಯನ್ನು. ಹಿತ್ತಲಿನ ನಾಟಿ ಕೋಳಿ ಅನಂತರವೂ ಬಹಳ ಕಾಲ ಕಡುಬಿನ ಜೊತೆಗಿತ್ತು.

ಎರಡನೆಯದು ಹತ್ತುಮೀನು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳದ ಮೀನು ಗದ್ದೆಯ ಕಡೆಗೆ ಹತ್ತುತ್ತದೆ. ಊರಿನವರು ಬ್ಯಾಟರಿ, ಕತ್ತಿ, ಮೀನು ಹಿಡಿಯುವ ಕೂಣಿ ಹಿಡಿದು ಹೊರಡುತ್ತಾರೆ. ಹತ್ತುವುದು ಮೊಟ್ಟೆ ಇಡಲು. ಹೊಟ್ಟೆ ತುಂಬ ಮೊಟ್ಟೆಯಿದ್ದ ಮೀನಿಗೇ ರುಚಿ ಹೆಚ್ಚೆಂದು ನಾವು ಹೊಗಳಿಕೊಂಡು ತಿಂದವರು. ಛಿಬ್ಬಲಗುಡ್ಡೆಯಲ್ಲಿ ತುಂಗೆಯ ಮೀನನ್ನು ದೇವರದೆಂದು ಯಾರೂ ಮುಟ್ಟುವುದಿಲ್ಲ, ಅದೇ ನೀರಿನ ಬಂಧುಗಳನ್ನು ನಮ್ಮ ಗದ್ದೆಯಲ್ಲಿ ಕಡಿಯುತ್ತೇವೆ. ಇದನ್ನು ಬಿಡಲು ಕಷ್ಟವಾದದ್ದು ರುಚಿಗಾಗಿ ಅಲ್ಲ. ಆ ರಾತ್ರಿ ಮನೆಯಲ್ಲೇ ಕೂತವನನ್ನು ಗೆಳೆಯರು ಕಾಯಿಲೆ ಬಿದ್ದವನಂತೆ ವಿಚಾರಿಸಿದರು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮಲೆನಾಡಿನಲ್ಲಿ ಅದು ಸಮಸ್ಯೆಯೇ ಅಲ್ಲ. ಮಳೆಗಾಲಕ್ಕೆ ಕಳಲೆ, ಅಣಬೆ, ಪತ್ರೊಡೆ. ಬೇಸಿಗೆಗೆ ಎಳೆ ಹಲಸು. ಕೋಳಿ ಸಾರಿನ ಮಸಾಲೆಯನ್ನೇ ಹಲಸಿನ ಬೀಜಕ್ಕೆ ಹಾಕಿದರೆ ಅರ್ಧ ಆಸೆ ತೀರುತ್ತದೆ. ಹುರುಳಿಯಲ್ಲಿ ಪ್ರೋಟೀನೂ ಕಬ್ಬಿಣವೂ ಇವೆ. ಜೊತೆಗೆ ನಿಂಬೆರಸ ಇದ್ದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ, ಉಂಡ ಕೂಡಲೇ ಕಾಫಿ ಕುಡಿದರೆ ಕಡಿಮೆಯಾಗುತ್ತದೆ. ಬಿ12 ಮಾತ್ರ ಸೊಪ್ಪು, ಕಾಳುಗಳಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆಯನ್ನು ಉಳಿಸಿಕೊಂಡು, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತೇನೆ.

ನಿಜವಾದ ತೊಡಕು ಜಾತಿಯದು. ನಮ್ಮದು ಮಾಂಸ ತಿನ್ನುವ ಮನೆ. ನೆಂಟರ ಪಂಕ್ತಿಯಲ್ಲಿ "ನೀನೂ ಭಟ್ಟನಾದೆಯೇನೋ?" ಎಂದರು, ನಕ್ಕು ಸುಮ್ಮನಾದೆ. ಶಿವಮೊಗ್ಗದಲ್ಲಿ ಪರಿಚಿತರೊಬ್ಬರು ಕೈ ಕುಲುಕಿ "ಒಳ್ಳೆಯದಾಯಿತು, ಶುದ್ಧವಾದಿರಿ" ಎಂದಾಗ ಸುಮ್ಮನಿರಲು ಆಗಲಿಲ್ಲ. ಹಾಗಾದರೆ ನನ್ನ ಅವ್ವ ಅಶುದ್ಧಳೇ ಎಂದು ಕೇಳಿದೆ. ಕೋಳಿಯ ನೋವನ್ನು ನೆನೆದು ಬಿಟ್ಟದ್ದನ್ನು ಮಡಿಯ ಖಾತೆಗೆ ಜಮಾ ಮಾಡಿಕೊಂಡರೆ ನಾನು ಒಪ್ಪುವುದಿಲ್ಲ. ದಿನವಿಡೀ ತೋಟದಲ್ಲಿ ಮೈಮುರಿದು ಭೂತಾಯಿ ಮೀನಿನ ಸಾರು ಉಣ್ಣುವವರಿಗೆ ಉಪದೇಶ ಮಾಡುವ ಹಕ್ಕೂ ನನಗಿಲ್ಲ.

ಚೌಡಿಯ ಹರಕೆಯ ವಿಷಯದಲ್ಲಿ ಅವ್ವ ಮೊದಲೇ ಗೆರೆ ಎಳೆದಳು: "ನೀನು ತಿನ್ನದಿದ್ದರೆ ಬಿಡು ಮಾರಾಯ, ಚೌಡಿಯ ಕೋಳಿಯನ್ನು ತಪ್ಪಿಸಬೇಡ." ಹರಕೆ ಮನೆತನದ್ದು, ನನ್ನೊಬ್ಬನದಲ್ಲ. ಈಗ ತಮ್ಮ ಕೋಳಿ ಕೊಡುತ್ತಾನೆ, ನಾನು ಬನದ ದಾರಿ ಸವರಿ, ಕಡುಬಿಗೆ ಹಿಟ್ಟು ರುಬ್ಬಿ ಕೊಡುತ್ತೇನೆ. ಇದು ರಾಜಿಯೇ. ಅವಳಿರುವವರೆಗೆ ಹೀಗೇ ನಡೆಯುತ್ತದೆ.

ಈಗ ಕಾಡುವುದು ಹಾಲು. ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು, ಗಂಡು ಕರುವಿಗೆ ಟಿಲ್ಲರ್ ಬಂದ ಮೇಲೆ ಕೆಲಸವಿಲ್ಲ. 2020ರ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ಕೊಳ್ಳುವವರೂ ಬರುವುದಿಲ್ಲ. ಹಲವರು ರಾತ್ರಿ ರಸ್ತೆಗೆ ಬಿಟ್ಟು ಬರುತ್ತಾರೆ. ನಮ್ಮ ಕೊಟ್ಟಿಗೆಯಲ್ಲಿ ಹುಟ್ಟಿದ ಹೋರಿಕರುವನ್ನು ಉಳಿಸಿಕೊಂಡಿದ್ದೇವೆ. ಇನ್ನೊಂದು ಹುಟ್ಟಿದರೆ ಮೇವು ಎಲ್ಲಿಂದ ತರುತ್ತೀ ಎಂದು ತಮ್ಮ ಕೇಳುತ್ತಿದ್ದಾನೆ. ಹಸು ಈಗ ಮತ್ತೆ ಗಬ್ಬವಾಗಿದೆ.