ಗ್ರೂಪ್ ಫೋಟೋಗೆ ಮಾತ್ರ ಕೈಕೊಡುತ್ತಿದ್ದ ಲೆನ್ಸ್

ನನ್ನ 24-105 ಲೆನ್ಸಿನ (24ರಿಂದ 105 ಎಂಎಂವರೆಗೆ ಜೂಮ್ ಆಗುವ ಲೆನ್ಸ್, 24ರಲ್ಲಿ ದೃಶ್ಯ ಅಗಲ, 105ರಲ್ಲಿ ದೂರದ್ದು ಹತ್ತಿರ) ತೊಂದರೆ ಹೀಗಿತ್ತು. ಮದುವೆ ಮನೆಯಲ್ಲಿ ಬೆಳಗಿನಿಂದ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಧಾರೆ ಆಯಿತು, ತಾಳಿ ಕಟ್ಟಿದ್ದಾಯಿತು, ಒಂದು ಫೋಟೋವೂ ತಪ್ಪಲಿಲ್ಲ. ಊಟಕ್ಕೆ ಮುಂಚೆ ಹುಡುಗನ ಕಡೆಯವರನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಕ್ಲಿಕ್ ಮಾಡಿದರೆ ಎರರ್. ಕ್ಯಾಮೆರಾ ಮತ್ತು ಲೆನ್ಸ್ ನಡುವೆ ಸಂಪರ್ಕ ಸರಿಯಿಲ್ಲ, ಲೆನ್ಸಿನ ಕಾಂಟ್ಯಾಕ್ಟ್ (ಕ್ಯಾಮೆರಾಕ್ಕೆ ತಾಗುವ ಲೋಹದ ಚುಕ್ಕೆಗಳು) ಒರೆಸಿ ಅನ್ನುವ ಅರ್ಥದ ಸಂದೇಶ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿ. ಒಂದೆರಡು ಫೋಟೋ ಬರುತ್ತದೆ, ಮತ್ತೆ ಎರರ್. "ಎಂತ ಮಾರಾಯ್ರೆ, ರೀಲ್ ಮುಗ್ದದ್ದಾ?" ಎಂದು ಹುಡುಗನ ಸೋದರಮಾವ ಕೇಳಿದರು. ಎಲ್ಲರೂ ಜೋರಾಗಿ ನಕ್ಕರು. ಆ ನಗುವಿನ ಫೋಟೋನೂ ಬರಲಿಲ್ಲ.

ಅದೇ ಕ್ಯಾಮೆರಾ, ಅದೇ ಲೆನ್ಸ್ ಹಿಡಿದು ಆ ವಾರವೇ ರಾತ್ರಿ ಆಟಕ್ಕೆ ಹೋಗಿದ್ದೆ. ನಮ್ಮ ಕರಾವಳಿಯಲ್ಲಿ ಮದುವೆಯ ಕಾಲವೂ ಮೇಳಗಳ ತಿರುಗಾಟದ ಕಾಲವೂ ಹೆಚ್ಚುಕಡಿಮೆ ಒಂದೇ. ಹಗಲು ಮದುವೆ, ರಾತ್ರಿ ಯಕ್ಷಗಾನ. ಚೌಕಿಯಲ್ಲಿ ಬಣ್ಣ ಹಚ್ಚುವುದರಿಂದ ಹಿಡಿದು ಬೆಳಗಿನ ಮಂಗಳದವರೆಗೆ ತೆಗೆದೆ. ಒಂದೂ ಎರರ್ ಇಲ್ಲ.

ಹಾಗಾಗಿ ಎಲ್ಲರ ಅನುಮಾನವೂ ಬಿಸಿಲಿನ ಮೇಲೆ. ನನ್ನ ಜೊತೆ ಲೈಟ್ ಹಿಡಿಯುವ ಹುಡುಗ "ಅಣ್ಣ, ಇದು ಹೀಟ್ ಆಗಿಯೇ ಬರುದು" ಎಂದು ತೀರ್ಮಾನ ಕೊಟ್ಟುಬಿಟ್ಟ. ಮನೆಯಲ್ಲಿ ಉಪ್ಪುಗಾಳಿ ಅಂದರು. ಸಮುದ್ರದ ಪಕ್ಕದ ಊರು ನೋಡಿ, ಇಲ್ಲಿ ಏನು ಕೆಟ್ಟರೂ ಮೊದಲು ಬೈಗುಳ ಉಪ್ಪುಗಾಳಿಗೆ. ಎರಡೂ ಆಗಬಾರದ್ದೇನಲ್ಲ. ಆದರೆ ಬಿಸಿಲಿನ ಅನುಮಾನ ಪರೀಕ್ಷೆ ಮಾಡುವುದು ಸುಲಭ. ಕ್ಯಾಮೆರಾವನ್ನು ಮಧ್ಯಾಹ್ನ ಅಂಗಳದಲ್ಲಿಟ್ಟು, ಮೈ ಬೆಚ್ಚಗಾದ ಮೇಲೆ ತೆಂಗಿನ ಮರ, ಬಾವಿಕಟ್ಟೆ ಎಂದು ಸಿಕ್ಕಿದ್ದೆಲ್ಲ ತೆಗೆದೆ. ಕೆಲವು ಸಲ ಎರರ್ ಬಂತು, ಹೆಚ್ಚಿನ ಸಲ ಬರಲಿಲ್ಲ. ಒಳಗೆ ತಂದು ಫ್ಯಾನಿನ ಕೆಳಗೆ ತಣ್ಣಗೆ ಮಾಡಿದ ಮೇಲೂ ಒಮ್ಮೆ ಬಂತು. ಬಿಸಿಲಿಗೆ ಅಲ್ಲಿಗೆ ಖುಲಾಸೆ.

ರಿಪೇರಿಗೆ ಕೊಟ್ಟರೆ ಏನಾಗುತ್ತದೆ ಎಂದು ಈ ಕಸುಬಿನಲ್ಲಿರುವವರಿಗೆ ಗೊತ್ತು. ನನಗೂ ಅದೇ ಆಯಿತು. ಕೌಂಟರಿನವರು ಟ್ಯೂಬ್‌ಲೈಟಿನ ಬೆಳಕಿನಲ್ಲಿ ನಾಲ್ಕು ಫೋಟೋ ತೆಗೆದು "ಇಲ್ಲಿ ಬರ್ತಾ ಇಲ್ಲ ಸರ್, ಚೆನ್ನಾಗೇ ಇದೆ" ಎಂದು ವಾಪಸ್ ಕೊಟ್ಟರು. ಅವರನ್ನು ದೂರುವ ಹಾಗಿಲ್ಲ. ಕಾಣದ ದೋಷವನ್ನು ಯಾರು ತಾನೇ ರಿಪೇರಿ ಮಾಡುತ್ತಾರೆ? ಆಗ ನನಗೆ ಖಚಿತವಾಯಿತು: ಈಗ ಮಾಡಬೇಕಾದ್ದು ರಿಪೇರಿ ಅಲ್ಲ. ಈ ಎರರ್ ನಾನು ಕರೆದಾಗ ಬರಬೇಕು. ಅಷ್ಟಾದರೆ ಉಳಿದದ್ದನ್ನು ರಿಪೇರಿಯವರು ನೋಡಿಕೊಳ್ಳುತ್ತಾರೆ.

ಕೆಲಸದ ನಡುವೆ ಎರರ್ ಬಂದರೆ ನಾವೆಲ್ಲ ಮಾಡುವುದು ಒಂದೇ. ಬ್ಯಾಟರಿ ತೆಗೆದು ಹಾಕುತ್ತೇವೆ, ಲೆನ್ಸ್ ಬಿಚ್ಚಿ ಅಂಗಿಯ ತುದಿಯಲ್ಲಿ ಒರೆಸುತ್ತೇವೆ, ಕಾರ್ಡೂ ಬದಲಿಸುತ್ತೇವೆ. ಮದುವೆ ಮನೆಯಲ್ಲಿ ಅದು ಸರಿಯೇ, ಅಲ್ಲಿ ಫೋಟೋ ಮುಖ್ಯ. ಆದರೆ ಮನೆಗೆ ಬಂದ ಮೇಲೆ ಹಾಗೆ ಮಾಡಬಾರದು. ಒಂದೇ ಸಲಕ್ಕೆ ನಾಲ್ಕು ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದೇ ಇಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಉಳಿದದ್ದೆಲ್ಲ ಹಾಗೆಯೇ ಇರಬೇಕು.

ಮೊದಲು ಕಾಂಟ್ಯಾಕ್ಟ್. ಸಂದೇಶವೇ ಹೇಳುತ್ತಿತ್ತಲ್ಲ. ಪೆನ್ಸಿಲ್ ರಬ್ಬರಿನಿಂದ ಉಜ್ಜುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಆ ತೆಳು ಚಿನ್ನದ ಲೇಪ ಸವೆಯುತ್ತದೆ, ರಬ್ಬರಿನ ಪುಡಿ ಕ್ಯಾಮೆರಾ ಒಳಗೆ ಬೀಳುತ್ತದೆ. ನೂಲು ಬಿಡದ ಬಟ್ಟೆಗೆ 99 ಶೇಕಡಾದ ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ತಾಗಿಸಿ ಒರೆಸಿದೆ. ಕ್ಯಾಮೆರಾ ಕಡೆಯ ಪಿನ್ನುಗಳಿಗೆ ಸ್ಪ್ರಿಂಗ್ ಇರುತ್ತದೆ. ಯಾವುದಾದರೂ ಒಳಗೇ ಸಿಕ್ಕಿಕೊಂಡಿದೆಯಾ ಎಂದು ಟಾರ್ಚ್ ಹಾಕಿ ನೋಡಿದೆ. ಎಲ್ಲ ಒಂದೇ ಎತ್ತರಕ್ಕಿದ್ದವು. ಎರರ್ ಮಾತ್ರ ಹೋಗಲಿಲ್ಲ.

ಆಮೇಲೆ ಅದಲುಬದಲು. ಇದೇ ಕ್ಯಾಮೆರಾಕ್ಕೆ 50 ಎಂಎಂ ಲೆನ್ಸ್ ಹಾಕಿ ಕೆಲಸಕ್ಕೆ ಹೋದೆ, ತೊಂದರೆ ಇಲ್ಲ. 24-105 ಅನ್ನು ಗೆಳೆಯನ ಕ್ಯಾಮೆರಾಕ್ಕೆ ಹಾಕಿಕೊಟ್ಟೆ. ಸಂಜೆಗೆ ಅವನ ಫೋನ್ ಬಂತು, ಅವನಿಗೂ ಎರರ್. ಕ್ಯಾಮೆರಾ, ಬ್ಯಾಟರಿ, ಕಾರ್ಡ್ ಎಲ್ಲವೂ ಅಲ್ಲಿಗೆ ಪಟ್ಟಿಯಿಂದ ಹೊರಗೆ. ದೋಷ ಲೆನ್ಸಿನಲ್ಲೇ.

ಲೆನ್ಸಿನಲ್ಲಿ ಎಲ್ಲಿ? ಇಲ್ಲಿ ನನಗೆ ಸಹಾಯಕ್ಕೆ ಬಂದದ್ದು ಹಳೆಯ ಫೋಟೋಗಳೇ. ಪ್ರತಿ ಫೋಟೋ ಫೈಲಿನ ಒಳಗೆ ಎಕ್ಸಿಫ್ ಮಾಹಿತಿ ಕೂತಿರುತ್ತದೆ: ಸಮಯ, ಎಷ್ಟು ಎಂಎಂ, ಯಾವ ಅಪರ್ಚರ್ (ಬೆಳಕು ಒಳಬರುವ ಕಿಂಡಿಯ ಅಳತೆ, ಎಫ್ ಸಂಖ್ಯೆ ದೊಡ್ಡದಾದಷ್ಟು ಕಿಂಡಿ ಸಣ್ಣದು), ಎಷ್ಟು ಶಟರ್ (ಬೆಳಕು ಬೀಳುವ ಸಮಯ). ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶ ಇದೆ. ಅದು ಇಡೀ ಫೋಲ್ಡರಿನ ಮಾಹಿತಿಯನ್ನು ಒಂದೇ ಕೋಷ್ಟಕವಾಗಿ ಹೊರಗೆ ಹಾಕುತ್ತದೆ, ಎಕ್ಸೆಲ್‌ನಲ್ಲಿ ತೆರೆದು ನೋಡಬಹುದು. ಎರರ್ ಬಂದಾಗ ಫೋಟೋ ದಾಖಲಾಗದೆ ಇರಬಹುದು. ಪರವಾಗಿಲ್ಲ, ಅದರ ಹಿಂದಿನದ್ದೂ ಮುಂದಿನದ್ದೂ ಇರುತ್ತದಲ್ಲ. ಮದುವೆಯಲ್ಲಿ ಎರರ್ ಬಂದ ಹೊತ್ತು ನೆನಪಿತ್ತು. ಆ ಹೊತ್ತಿನ ಸಾಲುಗಳನ್ನು ಹಳದಿ ಬಣ್ಣ ಹಾಕಿ ಗುರುತು ಮಾಡುತ್ತಾ ಹೋದೆ.

ಕಣ್ಣಿಗೆ ಹೊಡೆಯುವಂತಿತ್ತು. ಹಳದಿ ಸಾಲುಗಳಲ್ಲಿ ಅಪರ್ಚರ್ ಎಲ್ಲ ಕಡೆ ಎಫ್/5.6 ಅಥವಾ ಎಫ್/8. ಎಫ್/4 ಒಂದೂ ಇಲ್ಲ. ಲೆನ್ಸ್ ಹೆಚ್ಚಾಗಿ 24ರಿಂದ 35ರ ನಡುವೆ. ಆಟದ ರಾತ್ರಿಯ ಕೋಷ್ಟಕ ನೋಡಿದರೆ ಮೇಲಿನಿಂದ ಕೆಳಗಿನವರೆಗೆ ಎಫ್/4, ಎಫ್/4, ಎಫ್/4. ರಂಗಸ್ಥಳದ ಬೆಳಕಿನಲ್ಲಿ ವೇಷ ಧಿಗಿಣ ಹಾಕುವಾಗ ಬೇರೆ ಅಪರ್ಚರ್ ಇಡುವವರು ಯಾರು! ತಾಳಿ ಕಟ್ಟುವುದು, ಧಾರೆ ಎರೆಯುವುದೂ ಮಂಟಪದ ಒಳಗಿನ ಕೆಲಸ, ಅಲ್ಲೂ ಎಫ್/4. ಬಯಲಿನಲ್ಲಿ ಹತ್ತಿಪ್ಪತ್ತು ಜನರನ್ನು ನಿಲ್ಲಿಸಿದಾಗ ಮಾತ್ರ, ಮುಂದಿನ ಸಾಲೂ ಹಿಂದಿನ ಸಾಲೂ ಫೋಕಸ್ಸಿನಲ್ಲಿರಲಿ ಎಂದು ನಾನು ಎಫ್/8ಕ್ಕೆ ಹೋಗಿ, ಎಲ್ಲರೂ ಹಿಡಿಯಲಿ ಎಂದು 24ರ ಕಡೆ ತಿರುಗಿಸುತ್ತಿದ್ದೆ. ಬಿಸಿಲಿಗೂ ಎರರ್‌ಗೂ ಇದ್ದ ನಂಟು ಇಷ್ಟೇ.

ಇದು ಯಾಕೆ ಹೀಗೆ ಎಂದು ತಿಳಿಯಲು ನನ್ನದರಂಥ ಡಿಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಅಪರ್ಚರ್ ಹೇಗೆ ನಡೆಯುತ್ತದೆ ಎಂದು ಗೊತ್ತಿರಬೇಕು. ನಾವು ವ್ಯೂಫೈಂಡರ್‌ನಲ್ಲಿ ನೋಡುವಾಗ, ಫೋಕಸ್ ಮಾಡುವಾಗ ಲೆನ್ಸಿನೊಳಗಿನ ಬ್ಲೇಡುಗಳು (ಆ ಕಿಂಡಿಯನ್ನು ಕಿರಿದು ಮಾಡುವ ತೆಳು ತಗಡುಗಳು) ಪೂರ್ತಿ ತೆರೆದೇ ಇರುತ್ತವೆ. ಎಫ್/8 ಇಟ್ಟಿದ್ದರೂ ಅಷ್ಟೆ. ಕ್ಲಿಕ್ ಮಾಡಿದ ಆ ಕ್ಷಣಕ್ಕೆ ಮಾತ್ರ ಕ್ಯಾಮೆರಾ ಆಜ್ಞೆ ಕೊಡುತ್ತದೆ, ಲೆನ್ಸಿನಲ್ಲಿರುವ ಪುಟ್ಟ ಮೋಟರ್ ಬ್ಲೇಡುಗಳನ್ನು ಎಫ್/8ಕ್ಕೆ ಮುಚ್ಚುತ್ತದೆ, ಫೋಟೋ ಆದ ಮೇಲೆ ಮತ್ತೆ ತೆರೆಯುತ್ತದೆ. ಈ ಲೆನ್ಸಿನಲ್ಲಿ ಎಫ್/4 ಅಂದರೆ ಪೂರ್ತಿ ತೆರೆದ ಸ್ಥಿತಿ. ಅಲ್ಲಿ ಮೋಟರಿಗೆ ಮುಚ್ಚುವ ಕೆಲಸವೇ ಇಲ್ಲ. ಹಾಗಾಗಿ ಮೋಟರಿನ ದಾರಿಯಲ್ಲಿ ದೋಷವಿದ್ದರೂ ಗೊತ್ತಾಗುವುದಿಲ್ಲ. ಕೌಂಟರಿನಲ್ಲಿ ಟ್ಯೂಬ್‌ಲೈಟಿನಲ್ಲಿ ತೆಗೆದದ್ದೂ ಎಫ್/4ರಲ್ಲೇ. ಆ ಫೋಟೋಗಳು ನನ್ನ ಕಾರ್ಡಿನಲ್ಲೇ ಇದ್ದವು, ನೋಡಿ ಖಾತ್ರಿ ಮಾಡಿಕೊಂಡೆ.

ಇನ್ನು 24-35ರ ಗುಟ್ಟು. ಇಂಥ ಜೂಮ್ ಲೆನ್ಸಿನಲ್ಲಿ ಅಪರ್ಚರ್ ಯೂನಿಟ್ ಒಂದೇ ಜಾಗದಲ್ಲಿ ಕೂತಿರುವುದಿಲ್ಲ. ಜೂಮ್ ರಿಂಗ್ ತಿರುಗಿಸಿದಾಗ ಗಾಜುಗಳ ಜೊತೆ ಅದೂ ಹಿಂದೆ ಮುಂದೆ ಓಡಾಡುತ್ತದೆ. ಅದಕ್ಕೆ ಕರೆಂಟ್ ಹೋಗುವುದು ತೆಳುವಾದ ಫ್ಲೆಕ್ಸ್ ಕೇಬಲ್ ಮೂಲಕ, ಪಟ್ಟಿಯ ಹಾಗಿರುವ ಕಂದು ಬಣ್ಣದ ಕೇಬಲ್. ಪ್ರತಿ ಸಲ ಜೂಮ್ ಮಾಡಿದಾಗಲೂ ಅದು ಅದೇ ಜಾಗದಲ್ಲಿ ಮಡಚುತ್ತದೆ, ಬಿಚ್ಚುತ್ತದೆ. ವರ್ಷಗಟ್ಟಲೆ ಹೀಗಾದರೆ ಒಳಗಿನ ತಾಮ್ರದ ಎಳೆ ಬಿರುಕು ಬಿಡುತ್ತದೆ. ಪೂರ್ತಿ ತುಂಡಾಗುವುದಿಲ್ಲ. ಒಂದು ಭಂಗಿಯಲ್ಲಿ ಎಳೆ ತಾಗಿಕೊಂಡಿರುತ್ತದೆ, ಇನ್ನೊಂದರಲ್ಲಿ ಬಿಟ್ಟುಕೊಳ್ಳುತ್ತದೆ. ಕುತ್ತಿಗೆ ಹತ್ತಿರ ಒಂದು ಕಡೆಗೆ ಬಗ್ಗಿಸಿ ಹಿಡಿದರೆ ಮಾತ್ರ ಚಾರ್ಜ್ ಆಗುವ ಮೊಬೈಲ್ ವೈರ್ ಎಲ್ಲರ ಮನೆಯಲ್ಲೂ ಇದೆಯಲ್ಲ, ಹಾಗೇ. ಇದು ಜೂಮ್ ಲೆನ್ಸುಗಳಿಗೆ ಗೊತ್ತಿರುವ ಕಾಯಿಲೆ.

ಅನುಮಾನ ಇಷ್ಟಕ್ಕೆ ಬಂದ ಮೇಲೆ ಪರೀಕ್ಷೆ ಸುಲಭ. ಕ್ಯಾಮೆರಾವನ್ನು ಟ್ರೈಪಾಡಿಗೆ ಹಾಕಿದೆ. ಮೊದಲು ಎಫ್/4 ಇಟ್ಟು 24ರಿಂದ 105ರವರೆಗೆ ಸ್ವಲ್ಪ ಸ್ವಲ್ಪವೇ ಜೂಮ್ ಮಾಡುತ್ತಾ ತೆಗೆದೆ. ಒಂದೂ ಎರರ್ ಇಲ್ಲ. ಆಮೇಲೆ ಎಫ್/8. 105, 70, 50 ಎಲ್ಲ ಸರಿ. 35 ದಾಟಿ ಕೆಳಗೆ ಬಂದ ಕೂಡಲೇ ಎರರ್! ಇಷ್ಟು ದಿನ ಬೈದುಕೊಂಡ ಎರರನ್ನು ನೋಡಿ ಅಷ್ಟು ಖುಷಿ ಆಗುತ್ತದೆ ಎಂದು ಅಂದುಕೊಂಡಿರಲಿಲ್ಲ. ಆಫ್-ಆನ್ ಮಾಡಿ 70ಕ್ಕೆ ಹೋದೆ, ಸರಿ. 28ಕ್ಕೆ ಬಂದೆ, ಎರರ್.

ಕ್ಲಿಕ್ ಮಾಡದೆಯೇ ನೋಡುವ ದಾರಿ ಇನ್ನೊಂದಿದೆ. ಕೆಲವು ಕ್ಯಾಮೆರಾಗಳಲ್ಲಿ ಲೆನ್ಸಿನ ಪಕ್ಕದಲ್ಲೇ ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಬಟನ್ (ಎಷ್ಟು ಆಳದವರೆಗೆ ಫೋಕಸ್ ಇರುತ್ತದೆ ಎಂದು ಮೊದಲೇ ತೋರಿಸುವ ಗುಂಡಿ) ಇರುತ್ತದೆ. ತುಂಬಾ ಜನ ಅದನ್ನು ಮುಟ್ಟಿಯೇ ನೋಡಿರುವುದಿಲ್ಲ. ಅದನ್ನು ಒತ್ತಿದರೆ ಬ್ಲೇಡುಗಳು ಆಗಲೇ ಮುಚ್ಚುತ್ತವೆ, ವ್ಯೂಫೈಂಡರ್ ಕತ್ತಲಾಗುತ್ತದೆ, ಲೆನ್ಸಿನ ಒಳಗಿನಿಂದ ಸಣ್ಣ ಟಿಕ್ ಕೇಳುತ್ತದೆ. ಲೆನ್ಸಿನ ಮುಂದೆ ನಿಂತು ಇಣುಕಿದರೆ ಬ್ಲೇಡುಗಳು ಕಣ್ಣಿಗೇ ಕಾಣುತ್ತವೆ. ಎಫ್/16 ಇಟ್ಟು, ಒತ್ತಿ ಬಿಟ್ಟು, ಚೂರು ಜೂಮ್ ತಿರುಗಿಸಿ, ಮತ್ತೆ ಒತ್ತಿ ಬಿಟ್ಟು ಮುಂದುವರಿದೆ. ಒಂದು ಜಾಗಕ್ಕೆ ಬಂದಾಗ ಟಿಕ್ ನಿಂತಿತು, ಬ್ಲೇಡ್ ಅಲ್ಲಾಡಲಿಲ್ಲ. ಮೊಬೈಲಿನಲ್ಲಿ ಇದರ ವಿಡಿಯೋ ಮಾಡಿಟ್ಟೆ. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಇರುವವರು ಇದನ್ನು ಹೀಗೆಯೇ ಮಾಡಲಾಗದು. ಅವುಗಳಲ್ಲಿ ಬ್ಲೇಡು ಯಾವಾಗ ಮುಚ್ಚಬೇಕು ಅನ್ನುವ ಲೆಕ್ಕವೇ ಬೇರೆ. ಆದರೆ ಅಪರ್ಚರ್ ಒಂದು ಸಲ, ಜೂಮ್ ಒಂದು ಸಲ ಬದಲಿಸಿ ನೋಡುವ ಕ್ರಮ ಅಲ್ಲಿಗೂ ಹೊಂದುತ್ತದೆ.

ಲೆನ್ಸ್ ನಾನೇ ಬಿಚ್ಚಲಿಲ್ಲ. ಸ್ಕ್ರೂ ಬಿಚ್ಚುವುದೇನೂ ಕಷ್ಟವಲ್ಲ. ಅದಕ್ಕೂ ಜೆಐಎಸ್ ಎಂಬ ಜಪಾನಿ ಮಾನದಂಡದ ಸ್ಕ್ರೂಡ್ರೈವರ್ ಬೇಕು, ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರ್ ಹಾಕಿದರೆ ಸ್ಕ್ರೂವಿನ ತಲೆ ಸವೆದು ಹೋಗುತ್ತದೆ. ಆದರೆ ಮೌಂಟಿನ (ಲೆನ್ಸನ್ನು ಕ್ಯಾಮೆರಾಕ್ಕೆ ಕೂರಿಸುವ ಬಳೆ) ಕೆಳಗೆ ಕಾಗದದಷ್ಟು ತೆಳ್ಳಗಿನ ಶಿಮ್ ಎಂಬ ಹೊಂದಾಣಿಕೆಯ ತಗಡುಗಳಿರಬಹುದು. ಅವು ಇದ್ದ ಹಾಗೆಯೇ ವಾಪಸ್ ಕೂರದಿದ್ದರೆ ಫೋಕಸ್ ಹಾಳು. ಗಾಜಿನ ಗುಂಪು ಚೂರು ವಾಲಿದರೂ ಫೋಟೋದ ಒಂದು ಮೂಲೆ ಮಬ್ಬಾಗುತ್ತದೆ. ಅದನ್ನು ಸರಿಮಾಡುವ ಸಾಧನ ನನ್ನ ಹತ್ತಿರ ಇಲ್ಲ. ಫ್ಲ್ಯಾಶ್ ಇರುವ ಕ್ಯಾಮೆರಾ ಬಾಡಿಯನ್ನಂತೂ ಯಾರೂ ಮನೆಯಲ್ಲಿ ಬಿಚ್ಚಬೇಡಿ. ಫ್ಲ್ಯಾಶ್ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ. ಬ್ಯಾಟರಿ ತೆಗೆದಿಟ್ಟರೂ ಅದು ತಕ್ಷಣ ಇಳಿಯುವುದಿಲ್ಲ.

ಹಾಗಾಗಿ ವಿಡಿಯೋ ಹಿಡಿದು ಬೇರೊಬ್ಬ ರಿಪೇರಿಯವರ ಹತ್ತಿರ ಹೋದೆ. ಅರ್ಧ ವಿಡಿಯೋ ನೋಡಿದ್ದೇ "ಫ್ಲೆಕ್ಸ್ ಹೋಗಿದೆ ಬಿಡಿ" ಅಂದರು. ಬರೀ ಕೇಬಲ್ ಬದಲಿಸದೆ ಡಯಾಫ್ರಂ ಯೂನಿಟನ್ನೇ (ಬ್ಲೇಡು, ಮೋಟರ್ ಇರುವ ಆ ಅಪರ್ಚರ್ ಯೂನಿಟ್) ಕೇಬಲ್ ಸಮೇತ ಬದಲಿಸೋಣ ಎಂದರು. ಒಪ್ಪಿದೆ. ಮೋಟರಿಗೂ ಅಷ್ಟೇ ವಯಸ್ಸಾಗಿರುತ್ತದೆ. ಕೇಬಲ್ ಒಂದನ್ನೇ ಬೆಸುಗೆ ಹಾಕಿಸಿ, ಮುಂದಿನ ವರ್ಷ ಮೋಟರ್ ಹೋದರೆ ಮತ್ತೆ ಪೂರ್ತಿ ಬಿಚ್ಚಬೇಕು, ಮತ್ತೆ ಮಜೂರಿ.

ಬಿಡಿಭಾಗ ಬರುವವರೆಗೆ ಒಪ್ಪಿಕೊಂಡ ಮದುವೆಗಳಿದ್ದವು. ಆ ಲೆನ್ಸಿನಲ್ಲೇ ಮಾಡಿದೆ, ಬರೀ ಎಫ್/4ರಲ್ಲಿ. ಗ್ರೂಪ್ ಫೋಟೋಗೆ ಎಫ್/8 ಬೇಕೇಬೇಕು ಅನ್ನುವುದು ನಮ್ಮ ಕಸುಬಿನಲ್ಲಿ ಬಾಯಿಪಾಠದ ಹಾಗೆ ಬಂದದ್ದು. ಲೆಕ್ಕ ಹಾಕಿ ನೋಡಿದರೆ, ಫುಲ್ ಫ್ರೇಮ್ ಕ್ಯಾಮೆರಾದಲ್ಲಿ (ಹಳೆಯ ಫಿಲ್ಮ್ ರೀಲಿನಷ್ಟೇ ದೊಡ್ಡ ಸೆನ್ಸರ್ ಇರುವುದು) 24 ಎಂಎಂ, ಎಫ್/4, 5 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸುಮಾರು ಎರಡೂವರೆ ಮೀಟರಿನಿಂದ ಹಿಂದಿನ ತೋಟದವರೆಗೆ ಎಲ್ಲ ಫೋಕಸ್ಸಿನಲ್ಲೇ ಇರುತ್ತದೆ. 35 ಎಂಎಂನಲ್ಲಿ ಸುಮಾರು 3.4 ಮೀಟರಿನಿಂದ 9.8 ಮೀಟರ್. ಮೂರು ಸಾಲು ಜನ ನಿಲ್ಲಲು ಇನ್ನೆಷ್ಟು ಬೇಕು! ಅಂಚುಗಳ ಚುರುಕು ಎಫ್/8ರಷ್ಟು ಇರುವುದಿಲ್ಲ ಅನ್ನುವುದು ನಿಜ, ಆಲ್ಬಂ ಅಳತೆಯಲ್ಲಿ ಅದು ಕಾಣುವುದೂ ಇಲ್ಲ. ಕಷ್ಟವಾದದ್ದು ಫ್ಲ್ಯಾಶ್‌ನಲ್ಲಿ. ಬಿಸಿಲಿನಲ್ಲಿ ಎಫ್/4 ಅಂದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100 ಇಟ್ಟರೂ ಶಟರ್ 1/1600 ಸೆಕೆಂಡ್ ಆಸುಪಾಸು ಹೋಗುತ್ತದೆ. ನನ್ನ ಕ್ಯಾಮೆರಾದ ಫ್ಲ್ಯಾಶ್ ಸಿಂಕ್ (ಫ್ಲ್ಯಾಶ್ ಜೊತೆ ಇಡಬಹುದಾದ ಅತಿ ವೇಗದ ಶಟರ್) 1/200ಕ್ಕೇ ಮುಗಿಯುತ್ತದೆ. ಅದನ್ನು ದಾಟಲು ಹೈಸ್ಪೀಡ್ ಸಿಂಕ್ ಹಾಕಿದರೆ ಫ್ಲ್ಯಾಶಿನ ಶಕ್ತಿ ತೀರಾ ಕಡಿಮೆ. ಕೊನೆಗೆ ಜನರನ್ನೇ ಚಪ್ಪರದ ನೆರಳಿಗೆ ಕರೆದೆ. ಸೆಖೆಯಲ್ಲಿ ಬೆಂದಿದ್ದವರು ಖುಷಿಯಲ್ಲೇ ಬಂದರು.

ಎಲ್ಲ ಎರರೂ ಫ್ಲೆಕ್ಸ್ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೊಳೆ ಕೂತ ಕಾಂಟ್ಯಾಕ್ಟ್ ಆದರೆ ಅಪರ್ಚರ್ ಯಾವುದೇ ಇರಲಿ ಎರರ್ ಬರಬಹುದು, ಆಟೋಫೋಕಸ್ಸೂ ಆಗಾಗ ನಿಲ್ಲುತ್ತದೆ, ಲೆನ್ಸನ್ನು ಮೆಲ್ಲಗೆ ಅಲ್ಲಾಡಿಸಿದರೆ ಬಂದು ಹೋಗುತ್ತದೆ. ಸಂದೇಶವೇ ಇಲ್ಲದೆ ಕ್ಯಾಮೆರಾ ಸತ್ತಂತಾದರೆ ಬ್ಯಾಟರಿ ನೋಡಿ. ಹಳೆಯ ಬ್ಯಾಟರಿ ಸುಮ್ನೆ ಇದ್ದಾಗ ತುಂಬಿದ ಹಾಗೆ ತೋರಿಸುತ್ತದೆ, ಸಾಲಾಗಿ ಕ್ಲಿಕ್ ಮಾಡಿದಾಗ ವೋಲ್ಟೇಜ್ ಕುಸಿಯುತ್ತದೆ. ಬ್ಯಾಟರಿ ಬಾಗಿಲೂ ಇರಬಹುದು. ತುಂಬಾ ಕ್ಯಾಮೆರಾಗಳಲ್ಲಿ ಬಾಗಿಲು ಮುಚ್ಚಿದಾಗ ಒಳಗೆ ಪುಟ್ಟ ಸ್ವಿಚ್ ಒತ್ತುತ್ತದೆ. ಬಾಗಿಲು ಸಡಿಲವಾದರೆ ಗ್ರಿಪ್ ಹಿಡಿದ ರೀತಿಗೆ ತಕ್ಕ ಹಾಗೆ ಕ್ಯಾಮೆರಾ ಆಫ್ ಆಗುತ್ತದೆ. ಅರ್ಧ ಫೋಟೋ ಬೂದು ಬಣ್ಣಕ್ಕೆ ತಿರುಗಿದ್ದರೆ ಮೊದಲ ಅನುಮಾನ ಕಾರ್ಡಿನ ಮೇಲೆ. ನಕಲಿ ಕಾರ್ಡು ಹಿಡಿಯಲು ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶ ವಿಂಡೋಸ್‌ಗೆ ಇದೆ.

ರಿಪೇರಿಯಾಗಿ ಬಂದ ದಿನ ಅಂಗಡಿಯಲ್ಲೇ ಎಫ್/8, ಎಫ್/16ರಲ್ಲಿ 24ರಿಂದ 105ರವರೆಗೆ ಹೋಗಿ ಬಂದೆ, ಎಲ್ಲ ಕಡೆ ಟಿಕ್ ಕೇಳಿತು. ಮನೆಗೆ ಬಂದು ಗೋಡೆಗೆ ಪೇಪರ್ ಹಾಳೆಗಳನ್ನು ಅಂಟಿಸಿ, ನೇರ ಎದುರಿಗೆ ಟ್ರೈಪಾಡ್ ಇಟ್ಟು ಎಫ್/4ರಲ್ಲಿ ತೆಗೆದು, ನಾಲ್ಕೂ ಮೂಲೆಯ ಅಕ್ಷರ ದೊಡ್ಡದು ಮಾಡಿ ನೋಡಿದೆ. ಬಲಗಡೆಯ ಕೆಳಮೂಲೆ ಕೂದಲೆಳೆಯಷ್ಟು ಮೆತ್ತಗಿದೆ ಅನ್ನಿಸಿತು. ಬಿಚ್ಚುವ ಮೊದಲು ತೆಗೆದಿಟ್ಟ ಇದೇ ಬಗೆಯ ಫೋಟೋ ಇತ್ತು. ಅದರಲ್ಲೂ ಹಾಗೇ ಇತ್ತು.

ಸೆಕೆಂಡ್ ಹ್ಯಾಂಡ್ ಜೂಮ್ ಲೆನ್ಸ್ ಕೊಳ್ಳುವವರಿಗೂ ಇದೇ ಪರೀಕ್ಷೆ ಸಾಕು. ಮಾರುವವರು ಸಾಮಾನ್ಯವಾಗಿ ಅಂಗಡಿಯ ಬೆಳಕಿನಲ್ಲಿ ಪೂರ್ತಿ ತೆರೆದ ಅಪರ್ಚರ್‌ನಲ್ಲೇ ತೋರಿಸುತ್ತಾರೆ. ಕ್ಯಾಮೆರಾ ನಿಮ್ಮ ಕೈಗೆ ತೆಗೆದುಕೊಳ್ಳಿ, ಎಫ್/8 ಇಡಿ, ಐಎಸ್‌ಒ ಜಾಸ್ತಿ ಮಾಡಿ, ಜೂಮಿನ ಈ ತುದಿಯಿಂದ ಆ ತುದಿವರೆಗೆ ನಿಧಾನವಾಗಿ ಕ್ಲಿಕ್ ಮಾಡುತ್ತಾ ಹೋಗಿ. ಎರರ್ ಬಂದರೆ ಲೆನ್ಸ್ ಬೇಡ ಅನ್ನಲೇಬೇಕೆಂದಿಲ್ಲ. ಗಾಜಿನಲ್ಲಿ ಫಂಗಸ್ ಇಲ್ಲದೆ ಚೆನ್ನಾಗಿದ್ದರೆ ಯೂನಿಟ್ಟಿನ ಬೆಲೆ, ಮಜೂರಿ ಎರಡನ್ನೂ ಮೊದಲೇ ರಿಪೇರಿಯವರ ಹತ್ತಿರ ಕೇಳಿಟ್ಟುಕೊಂಡು, ಅಷ್ಟನ್ನು ಕಳೆದು ರೇಟ್ ಮಾತಾಡಿ.