ಸ್ಕ್ರೀನ್ ಕಿತ್ತು ಹಾಕಿದ ಮೇಲೆ ಸಿಂಥ್ ಕೈಗೆ ಬಂತು

"ಸ್ಕ್ರೀನ್ ಇಲ್ಲ, ಸೇವ್ ಮಾಡೋಕಾಗಲ್ಲ, ಇದರಲ್ಲಿ ಏನು ನುಡಿಸ್ತೀಯ?" ಅಂತ ನಾನೇ ಕಟ್ಟಿದ ಸಿಂಥ್, ಅಂದರೆ ಎಲೆಕ್ಟ್ರಾನಿಕ್ ಆಗಿ ಸದ್ದು ಹುಟ್ಟಿಸುವ ವಾದ್ಯ, ನೋಡಿ ಗೆಳೆಯರು ನಕ್ಕಿದ್ದರು. ಮೊನ್ನೆ ಅವರ ಜೊತೆಗೇ, ಮೊದಲೇ ಏನೂ ಗೊತ್ತು ಮಾಡಿಕೊಳ್ಳದೆ, ಸುಮಾರು ಮುಕ್ಕಾಲು ಗಂಟೆ ನುಡಿಸಿದೆ. ಈಗ ಅವರಲ್ಲೇ ಒಬ್ಬ ಇದರ ಸರ್ಕ್ಯೂಟ್ ಕೊಡು ಅನ್ನುತ್ತಿದ್ದಾನೆ.

ಶುರು ಮಾಡಿದ್ದು ಆರ್ಡುಯಿನೋ ಊನೋ ಅನ್ನುವ, ಕೋಡ್ ಬರೆದು ಆಡಿಸುವ ಪುಟ್ಟ ಬೋರ್ಡಿನಲ್ಲಿ. ಪಿನ್ನನ್ನು ಬೇಗ ಬೇಗ ಆನ್-ಆಫ್ ಮಾಡಿ ಹುಟ್ಟಿಸುವ ಪಿಡಬ್ಲ್ಯೂಎಂ ಸದ್ದು, ಡಬ್ಬಿಯೊಳಗೆ ಜೇನುನೊಣ ಕೂತ ಹಾಗೆ. ಆಮೇಲೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್. ಬಫರ್, ಅಂದರೆ ಒಮ್ಮೆಗೆ ಲೆಕ್ಕ ಹಾಕುವ ಸದ್ದಿನ ತುಣುಕುಗಳು (ಸ್ಯಾಂಪಲ್), 1024 ಇಟ್ಟರೆ 23 ಮಿಲಿಸೆಕೆಂಡ್ ತಡ, ಡ್ರಮ್ ಬಾರಿಸುವವನ ಹಿಂದೆ ಓಡುವುದೇ ಕೆಲಸ. 64ಕ್ಕೆ ಇಳಿಸಿದರೆ ಪಟಪಟ ಸಿಡಿತ. ಒಮ್ಮೆ ನುಡಿಸುವಾಗಲೇ ವೈರ್ ಕಳಚಿತು. ಮತ್ತೆ ಬೂಟ್ ಆಗುವವರೆಗೆ ನಾನು ಕೈ ಕಟ್ಟಿ ಕೂತೆ, ಉಳಿದವರು ಮುಂದುವರಿಸಿದರು.

ಕೊನೆಗೆ ಟೀನ್ಸಿ 4.0 ಅನ್ನುವ ವೇಗದ ಬೋರ್ಡು, ಜೊತೆಗೆ ಅಂಕಿಗಳನ್ನು ಸದ್ದಿನ ಸಂಕೇತ ಮಾಡುವ ಪಿಸಿಎಂ5102 ಡ್ಯಾಕ್ ಚಿಪ್. 128 ಸ್ಯಾಂಪಲ್‌ನ ಬ್ಲಾಕ್, ಅಂದರೆ ತಡ ಹತ್ತಿರ ಹತ್ತಿರ ಮೂರು ಮಿಲಿಸೆಕೆಂಡ್. ಆದರೆ ಮೊದಲ ಬೋರ್ಡ್‌ನ ಪಿನ್ನಿಗೆ 5 ವೋಲ್ಟ್ ಕೊಟ್ಟು ಸುಟ್ಟೆ. ಅದು ತಡೆಯುವುದು 3.3 ವೋಲ್ಟ್ ಮಾತ್ರ ಅಂತ ಗೊತ್ತಿತ್ತು! ಎರಡನೆಯದನ್ನೂ ಹಾಗೇ ಸುಟ್ಟೆ. ಸುಟ್ಟ ಬೋರ್ಡು, ಕಿತ್ತು ಬಿಸಾಡಿದ ಸ್ಕ್ರೀನು, ಎರಡೆರಡು ಸಲ ಕೊಂಡ ನಾಬು, ಎಲ್ಲ ಸೇರಿಸಿದರೆ ಒಂದು ಒಳ್ಳೆ ಸೆಕೆಂಡ್ ಹ್ಯಾಂಡ್ ಸಿಂಥೇ ಬರುತ್ತಿತ್ತು. ಮನೆಯಲ್ಲಿ ಅರ್ಧ ಲೆಕ್ಕ ಹೇಳಿದ್ದೇನೆ.

ಜಾಸ್ತಿ ಕಾಡಿದ್ದು ನಾಬ್‌ಗಳು. ಕೈ ಬಿಟ್ಟರೂ ಫಿಲ್ಟರ್ (ಸದ್ದಿನ ಹೊಳಪು ಹೆಚ್ಚು ಕಡಿಮೆ ಮಾಡುವ ಭಾಗ) ನಡುಗುತ್ತಿತ್ತು. 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿದೆ, ನಡುಕ ಅರ್ಧ ಹೋಯಿತು. ಕೋಡಿನಲ್ಲಿ ನಾಬಿನ ಹಲವು ಅಳತೆಗಳ ಸರಾಸರಿ ಲೆಕ್ಕ ಹಾಕಿದೆ. ನಡುಕ ನಿಂತಿತು, ಆದರೆ ನಾಬ್ ತಿರುಗಿಸಿದರೆ ಸದ್ದು ಸೋಮಾರಿಯಾಗಿ ಹಿಂದೆ ಬರುತ್ತಿತ್ತು. ಕೊನೆಗೆ, ಸಣ್ಣ ಅಲುಗಾಟಕ್ಕೆ ನಿಧಾನ, ದೊಡ್ಡ ತಿರುವಿಗೆ ತಕ್ಷಣ ಅಂತ ಮಾಡಿದೆ. ಎಲ್ಲಿ ಬದಲಾಗುತ್ತದೆ ಅನ್ನುವ ಲೆಕ್ಕ ಮಾತ್ರ ಕೇಳಬೇಡಿ, ಅದಕ್ಕೆ ಒಂದು ತಿಂಗಳು ಸುರಿದಿದ್ದೇನೆ.

ಮೊದಲು ಒಂದೇ ನಾಬ್‌ಗೆ ನಾಲ್ಕು ಕೆಲಸ ಇತ್ತು. ಯಾವ ಕೆಲಸ ಅಂತ ಸ್ಕ್ರೀನ್ ನೋಡುತ್ತಾ ಕೂತರೆ ಕಿವಿ ಮುಚ್ಚುತ್ತದೆ, ಅಲ್ವಾ? ಸ್ಕ್ರೀನ್ ಕಿತ್ತೆ, ಈಗ ಒಂದಕ್ಕೆ ಒಂದೇ ಕೆಲಸ. ಒಟ್ಟು ಎಂಟು ನಾಬು.

ನಡುವೆ ಸುಮ್ನೆ ಕಾರ್ಪ್ಲಸ್-ಸ್ಟ್ರಾಂಗ್, ಅಂದರೆ ಒಂದು ಚೂರು ಸದ್ದನ್ನು ಸುತ್ತಿ ಸುತ್ತಿ ನುಡಿಸಿ ಹುಟ್ಟಿಸುವ, ಮೀಟಿದ ತಂತಿಯ ಸದ್ದಿಗೆ ಕೈ ಹಾಕಿ ಒಂದು ವಾರ ಕಳೆದೆ. ಮೇಲಿನ ಸ್ವರಗಳೆಲ್ಲ ಅಪಶ್ರುತಿ. ಆ ಚೂರಿನ ಉದ್ದ 22 ಸ್ಯಾಂಪಲ್ ಇಟ್ಟರೆ 2004 ಹರ್ಟ್ಜ್, 23 ಇಟ್ಟರೆ 1917, ನಡುವೆ ಏನೂ ಇಲ್ಲ. ಇಂಟರ್‌ಪೊಲೇಷನ್ ಹಾಕಿ, ಅಂದರೆ ಎರಡು ಸ್ಯಾಂಪಲ್ ನಡುವಿನ ಬೆಲೆ ಅಂದಾಜು ಮಾಡಿ, ಸರಿ ಮಾಡಿದೆ. ಆದರೆ ಆ ಕೆಟ್ಟ ಶ್ರುತಿಯನ್ನೂ ಒಂದು ಸ್ವಿಚ್‌ನಲ್ಲಿ ಉಳಿಸಿಕೊಂಡಿದ್ದೇನೆ. ಡ್ರಮ್ಮಿನವನು ಈಗ ಅದನ್ನೇ ಹಾಕು ಅನ್ನುತ್ತಾನೆ.